ಗೊದಮೊಟ್ಟೆಯ ಥೈರಾಯ್ಡ್ ಅಳೆದದ್ದು ಹೀಗೆ

ಮನುಷ್ಯರ ಥೈರಾಯ್ಡ್ ಪರೀಕ್ಷೆಯ ಕಿಟ್ಟನ್ನೇ ಕಪ್ಪೆಗೂ ಬಳಸಿದರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಟಿ4 ಎಂದರೆ ಥೈರಾಯ್ಡ್ ಗ್ರಂಥಿಯ ಹಾರ್ಮೋನು, ಟಿಎಸ್‌ಎಚ್ ಎಂದರೆ ಅದನ್ನು ತಯಾರಿಸು ಎಂದು ಥೈರಾಯ್ಡ್‌ಗೆ ಹೇಳುವ ಹಾರ್ಮೋನು. ಟಿ4 ಅಳೆಯಲು ಆಗುತ್ತದೆ, ಟಿಎಸ್‌ಎಚ್‌ಗೆ ಆಗುವುದಿಲ್ಲ. ಟಿ4 ಚಿಕ್ಕ ಅಣು, ನಮ್ಮಲ್ಲೂ ಕಪ್ಪೆಯಲ್ಲೂ ಅದು ಒಂದೇ. ಟಿಎಸ್‌ಎಚ್ ಹಾಗಲ್ಲ, ಅದು ಪ್ರೋಟೀನು. ಜೀವಿಯಿಂದ ಜೀವಿಗೆ ಅದರ ರಚನೆ ಬೇರೆ. ನಮ್ಮದನ್ನು ಹಿಡಿಯಲು ಮಾಡಿದ ಆಂಟಿಬಾಡಿ ಕಪ್ಪೆಯದನ್ನೂ ಹಿಡಿಯುತ್ತದೆ ಎಂದು ನಂಬುವ ಹಾಗಿಲ್ಲ. ಮೆಷಿನ್ ಏನೋ ಒಂದು ಸಂಖ್ಯೆ ಕೊಡುತ್ತದೆ, ಅದನ್ನು ಬರೆದುಕೊಂಡು ಪ್ರಯೋಜನವಿಲ್ಲ.

ನಾನು ಆರಿಸಿಕೊಂಡದ್ದು ನೆಲಗಪ್ಪೆ. ಮಳೆ ಹಿಡಿದು ಕಾಸರಗೋಡಿನ ಬದಿಯಡ್ಕ ಕಡೆಯ ಪದವುಗಳ (ಮುರಕಲ್ಲಿನ ಬಯಲು) ಪಳ್ಳದಲ್ಲಿ, ಅಂದರೆ ಹೊಂಡದಲ್ಲಿ, ನೀರು ನಿಂತರೆ ಅದರ ಮೊಟ್ಟೆ ಸುಲಭವಾಗಿ ಗುರುತು ಸಿಗುತ್ತದೆ. ಉದ್ದದ ಲೋಳೆ ಎಳೆ, ಒಳಗೆ ಸಾಲಾಗಿ ಕಪ್ಪು ಚುಕ್ಕೆ. ಅರಣ್ಯ ಇಲಾಖೆಯ ಅನುಮತಿ, ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ, ಎರಡೂ ಸಿಕ್ಕಿದ ಮೇಲೆಯೇ ನೀರಿಗೆ ಕೈ ಹಾಕಬೇಕು.

ಒಂದೇ ದಿನ ಹುಟ್ಟಿದ ಗೊದಮೊಟ್ಟೆಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ದಿನ ಎಣಿಸಿ ಸುಮ್ನೆ ಗುಂಪು ಮಾಡಬಾರದು, ಕಾಲು ನೋಡಿ ಮಾಡಬೇಕು. ಗಾಸ್ನರ್ ಎಂಬ ಪ್ರಾಣಿಶಾಸ್ತ್ರಜ್ಞ 1960ರಲ್ಲಿ ಕೊಟ್ಟ, ಗೊದಮೊಟ್ಟೆಯ ಬೆಳವಣಿಗೆಯ 46 ಹಂತಗಳ ಪಟ್ಟಿ ನನ್ನ ಮೇಜಿನ ಮೇಲೆ ಯಾವಾಗಲೂ ಇರುತ್ತದೆ. ಹಿಂಗಾಲಿನ ಐದೂ ಬೆರಳು ಬಿಡಿಬಿಡಿಯಾದರೆ 37, ಮುಂಗಾಲು ಹೊರಬಂದರೆ 42. ಹಂತ ತಪ್ಪಿದರೆ ಮುಂದಿನ ಅಳತೆಯೆಲ್ಲ ದಂಡ.

ಇಷ್ಟು ಸಣ್ಣ ಜೀವಿಯಿಂದ ಬೇಕಾದಷ್ಟು ರಕ್ತ ಎಲ್ಲಿ ಸಿಗುತ್ತದೆ? ಅರಿವಳಿಕೆ ಕೊಟ್ಟು ನೋವಿಲ್ಲದ ಹಾಗೆ ಮುಗಿಸಿದ ಮೇಲೆ, ಒಂದೇ ಹಂತದ ಹಲವು ಗೊದಮೊಟ್ಟೆಗಳನ್ನು ಒಟ್ಟು ಮಾಡಿ ತಣ್ಣನೆಯ ಮೆಥನಾಲಿನಲ್ಲಿ ಅರೆಯುತ್ತೇನೆ. ಜೊತೆಗೆ ಪಿಟಿಯು ಎಂಬ ಥೈರಾಯ್ಡ್ ಔಷಧ ಹಾಕುತ್ತೇನೆ, ಅರೆಯುವಾಗ ಟಿ4 ಒಡೆದು ಹೋಗದಿರಲಿ ಅಂತ. ಈ ಸಾರವನ್ನು ನೇರವಾಗಿ ಕಿಟ್‌ಗೆ ಹಾಕಿ ಓದಿಕೊಳ್ಳಬೇಡಿ. ಮೊದಲು ಅರ್ಧಕ್ಕೆ, ಆಮೇಲೆ ಕಾಲು ಭಾಗಕ್ಕೆ ತೆಳು ಮಾಡಿ ನೋಡಿ. ಮೆಷಿನ್ ಕೊಡುವ ಸಂಖ್ಯೆಯೂ ಅದೇ ಲೆಕ್ಕದಲ್ಲಿ ಇಳಿಯಬೇಕು, ಗ್ರಾಫಿನಲ್ಲಿ ಅದರ ಗೆರೆ ಕಿಟ್‌ನ ಗೆರೆಗೆ ಸಮಾನಾಂತರವಾಗಿ ಓಡಬೇಕು. ಇಲ್ಲ ಅಂದರೆ ಸಾರದಲ್ಲಿರುವ ಕೊಬ್ಬೋ ಇನ್ನೇನೋ ಅಡ್ಡ ಬರುತ್ತಿದೆ. ಗೊತ್ತಿರುವಷ್ಟು ಟಿ4 ಬೇಕೆಂದೇ ಸೇರಿಸಿ, ಅದರಲ್ಲಿ ಎಷ್ಟು ವಾಪಸ್ ಸಿಗುತ್ತದೆ ಎಂದೂ ನೋಡಬೇಕು. ಈ ಎರಡು ಪರೀಕ್ಷೆ ಇಲ್ಲದ ಟಿ4 ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಟಿಎಸ್‌ಎಚ್‌ಗೆ ಬೇರೆ ದಾರಿ ಹಿಡಿದೆ. ಬಾಯಿಯ ಮೇಲ್ಛಾವಣಿ ತೆರೆದರೆ, ಕಣ್ಣಿನ ನರಗಳು ಕೂಡುವ ಜಾಗದ ಹಿಂದೆ ಟಿಎಸ್‌ಎಚ್ ತಯಾರಿಸುವ ಪಿಟ್ಯುಟರಿ ಗ್ರಂಥಿ ಬೆಳ್ಳಗೆ ಕಾಣುತ್ತದೆ. ಅದನ್ನು ತೆಗೆದು, ಟಿಎಸ್‌ಎಚ್ ಬೀಟಾ ಜೀನಿನ ಆರ್‌ಎನ್‌ಎ ಎಷ್ಟಿದೆ ಎಂದು ಪಿಸಿಆರ್‌ನಲ್ಲಿ ಅಳೆದೆ. ಹೋಲಿಕೆಗೆ ಆರ್‌ಪಿಎಲ್8 ಜೀನು ಇಟ್ಟುಕೊಂಡೆ. ಇಡೀ ದೇಹವೇ ಬದಲಾಗುವ ಹೊತ್ತಲ್ವಾ, ಯಾವ ಜೀನು ಅಲುಗಾಡದೆ ನಿಲ್ಲುತ್ತದೆ ಎಂದು ಮೊದಲೇ ಖಚಿತ ಮಾಡಿಕೊಳ್ಳಬೇಕು. ಇದು ಹಾರ್ಮೋನು ತಯಾರಿಸುವ ಆದೇಶದ ಅಳತೆ ಮಾತ್ರ, ರಕ್ತಕ್ಕೆ ಬಿದ್ದ ಹಾರ್ಮೋನಿನದ್ದಲ್ಲ. ವರದಿಯಲ್ಲೂ ಹಾಗೆಯೇ ಬರೆಯುತ್ತೇನೆ.

ಡಾಕ್ಟರ ರಿಪೋರ್ಟ್ ಓದಿ ಅಭ್ಯಾಸ ಇದ್ದವರಿಗೆ ಟಿ4 ಏರಿದರೆ ಟಿಎಸ್‌ಎಚ್ ಇಳಿಯಬೇಕು. ಲ್ಯಾಬುಗಳಲ್ಲಿ ಸಾಕುವ ಝೆನೋಪಸ್ ಎಂಬ ಆಫ್ರಿಕದ ಕಪ್ಪೆಯ ಗೊದಮೊಟ್ಟೆಯಲ್ಲಿ ಹಾಗಿಲ್ಲ. ರೂಪಾಂತರ ಜೋರಾಗುವಾಗ ಎರಡೂ ಒಟ್ಟಿಗೆ ಏರುತ್ತವೆ. ನನಗೆ ಈ ಕೆಲಸದ ಹುಚ್ಚು ಹಿಡಿಸಿದ್ದೇ ಇದು.

ಪಳ್ಳದ ಪಕ್ಕದ ಅಡಿಕೆ ತೋಟದವರೊಬ್ಬರು, "ನೀರು ಬೇಗ ಬತ್ತಿದ ವರ್ಷ ಮರಿಗಳು ಬೇಗ ದಡ ಹತ್ತುತ್ತವೆ ಟೀಚರೇ, ಆದ್ರೆ ಸಣ್ಣ ಇರ್ತವೆ" ಎಂದರು. ಅಮೆರಿಕದ ಸ್ಪೇಡ್‌ಫುಟ್ ಕಪ್ಪೆಗಳಲ್ಲಿ ರಾಬರ್ಟ್ ಡೆನ್ವರ್ ಎಂಬ ಸಂಶೋಧಕ 1990ರ ದಶಕದಲ್ಲಿ ತೋರಿಸಿದ್ದೂ ಇದನ್ನೇ. ಮನುಷ್ಯರಲ್ಲಿ ಟಿಎಸ್‌ಎಚ್ ಬಿಡು ಎಂದು ಪಿಟ್ಯುಟರಿಗೆ ಹೇಳುವುದು ಟಿಆರ್‌ಎಚ್ ಎಂಬ ಮೆದುಳಿನ ಹಾರ್ಮೋನು. ಗೊದಮೊಟ್ಟೆಯಲ್ಲಿ ಆ ಕೆಲಸ ಒತ್ತಡದ ಹಾರ್ಮೋನು ಸಿಆರ್‌ಎಫ್‌ನದ್ದು. ಹೊಂಡ ಬತ್ತುವುದು ಕೊನೆಗೆ ಥೈರಾಯ್ಡ್‌ಗೆ ಮುಟ್ಟುವುದು ಹೀಗೆ.

ಅದನ್ನು ನೋಡಲು ಎರಡು ಟಬ್ ಇಟ್ಟಿದ್ದೇನೆ. ಒಂದರಲ್ಲಿ ದಿನಾ ನೀರು ಇಳಿಸುತ್ತೇನೆ, ಇನ್ನೊಂದರಲ್ಲಿ ಇಲ್ಲ. ನೀರು ಕಡಿಮೆ ಆದರೆ ಬೇಗ ಬಿಸಿಯಾಗುತ್ತದೆ, ಬಿಸಿಯೊಂದೇ ಬೆಳವಣಿಗೆಯನ್ನು ಓಡಿಸಬಲ್ಲದು. ಹಾಗಾಗಿ ಎರಡೂ ಟಬ್ಬನ್ನು ಒಂದೇ ದೊಡ್ಡ ನೀರಿನ ತೊಟ್ಟಿಯೊಳಗೆ ಕೂರಿಸಿ, ಬೆಳಿಗ್ಗೆ ಮಧ್ಯಾಹ್ನ ಎರಡರಲ್ಲೂ ಥರ್ಮಾಮೀಟರ್ ಅದ್ದಿ ನೋಡುತ್ತೇನೆ.