ಟಾಹೋದಲ್ಲಿ ಹತ್ತುಮೀನು

ಕ್ಯಾಲಿಫೋರ್ನಿಯಾದ ಟಾಹೋ ಸರೋವರಕ್ಕೆ ಸೇರುವ ಟೇಲರ್ ಕ್ರೀಕ್ ಅನ್ನುವ ತೊರೆಗೆ, ಮೊಟ್ಟೆ ಇಡಲು ಹತ್ತಿ ಬರುವ ಮೀನು ನೋಡಲು ನಾವು ಹೋಗಿದ್ದು ಎರಡು ಸಲ. ಮೊದಲ ಸಲ ಸೆಪ್ಟೆಂಬರ್ ಮಧ್ಯದಲ್ಲೇ ಆತುರ ಬಿದ್ದು ಹೋದೆ. ಫ್ರೀಮಾಂಟಿನಿಂದ ಸುಮಾರು 300 ಕಿಲೋಮೀಟರ್ ಕಾರು ಓಡಿಸಿ, ಸೇತುವೆ ಮೇಲೆ ಒಂದು ಗಂಟೆ ನಿಂತು ನೋಡಿದ್ದು ಬರೀ ಕಲ್ಲು. ಮಕ್ಕಳು ಇವತ್ತಿಗೂ ಅದನ್ನೇ ಹೇಳಿ ರೇಗಿಸುತ್ತಾರೆ.

ಎರಡನೇ ಸಲ ಅಕ್ಟೋಬರ್ ಮೊದಲ ವಾರ ದಾಟಲಿ ಅಂತ ಕಾದೆ. ತೀರ್ಥಹಳ್ಳಿಯಿಂದ ಅಪ್ಪಯ್ಯನೂ ಬಂದಿದ್ದರು. ಶನಿವಾರದ ಜನಜಂಗುಳಿ ಬೇಡ ಅಂತ ಶುಕ್ರವಾರ ರಜೆ ಹಾಕಿ, ಬೆಳಗ್ಗೆ ಐದಕ್ಕೇ ಹೊರಟೆವು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ. ಸ್ಯಾಕ್ರಮೆಂಟೋದಿಂದ ಹೈವೇ 50. ಪ್ಲಾಸರ್‌ವಿಲ್ ದಾಟಿದ ಮೇಲೆ ಬರೀ ಏರು. 2021ರ ಕಾಲ್ಡರ್ ಬೆಂಕಿಗೆ ಸುಟ್ಟ ಮರಗಳು ಗುಡ್ಡದ ತುಂಬ ಕರಿ ಕಡ್ಡಿಗಳ ಹಾಗೆ ನಿಂತಿದ್ದವು. ಎಕೋ ಸಮ್ಮಿಟ್‌ನಲ್ಲಿ ರಸ್ತೆ 7,300 ಅಡಿ ಮುಟ್ಟುತ್ತದೆ. ಅಪ್ಪಯ್ಯನ ಕಿವಿ ಗುಂಯ್ ಅಂದಿತು. ಅಲ್ಲಿಂದ ಇಳಿದು ಹೈವೇ 89ಕ್ಕೆ ತಿರುಗಿದರೆ ಕ್ರೀಕ್ ಹತ್ತಿರವೇ.

ಈ ಸಲ ಕಾರಿನಿಂದ ಇಳಿಯುತ್ತಿದ್ದ ಹಾಗೇ ವಾಸನೆ ಹೊಡೆಯಿತು. ಸತ್ತ ಮೀನಿನ ವಾಸನೆ. ಸರಿಯಾದ ಸಮಯಕ್ಕೆ ಬಂದಿದ್ದೇವೆ ಅಂತ ಖುಷಿಯಾಯಿತು!

ಇಲ್ಲಿಯ ಮೀನಿನ ಹೆಸರು ಕೊಕನಿ. ಸಾಕೈ ಸಾಲ್ಮನ್ ಜಾತಿಯದೇ, ಆದರೆ ಸಮುದ್ರದ ಮುಖ ನೋಡುವುದಿಲ್ಲ. ಟಾಹೋ ಸರೋವರಕ್ಕೆ ಇದನ್ನು 1944ರಲ್ಲಿ ಮನುಷ್ಯರೇ ತಂದು ಬಿಟ್ಟಿದ್ದು. ಸರೋವರದಲ್ಲಿ ಬೆಳ್ಳಿ ಬಣ್ಣ. ಮೊಟ್ಟೆ ಇಡಲು ತೊರೆ ಹತ್ತುವ ಹೊತ್ತಿಗೆ ಇಟ್ಟಿಗೆ ಕೆಂಪು. ಗಂಡಿಗೆ ಬೆನ್ನು ಗೂನಾಗಿ ಬಾಯಿ ಕೊಕ್ಕೆಯ ಹಾಗೆ ಬಾಗುತ್ತದೆ. ಆಮೇಲೆ ಊಟವೂ ಇಲ್ಲ.

ಮೊದಲು ಅಪ್ಪಯ್ಯನಿಗೆ ಏನೂ ಕಾಣಲಿಲ್ಲ. ನೀರಿನ ಮೇಲೆ ಅಷ್ಟು ಬಿಸಿಲು. ನೀರಿನ ಹೊಳಪು ತಡೆಯುವ ನನ್ನ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಕೊಟ್ಟೆ. ಹೋಗುವವರು ಇದೊಂದನ್ನು ಮರೆಯಬೇಡಿ. ಹಾಕಿಕೊಂಡವರು ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, "ಮಾರಾಯ, ಇದು ನಮ್ಮ ಹತ್ತುಮೀನೇ ಅಲ್ವಾ!" ಅಂದರು.

ಅದು ನನಗೆ ಹೊಳೆದೇ ಇರಲಿಲ್ಲ. ಮಲೆನಾಡಿನಲ್ಲಿ ಮುಂಗಾರು ಶುರುವಾದಾಗ ಹೊಳೆ ಮೀನು ಹಳ್ಳ ಹತ್ತಿ ಗದ್ದೆಗೆ ಬರುತ್ತವಲ್ಲ, ಅದೇ. ಇಲ್ಲಿ ಮಳೆಯ ಬದಲು ಮೇಲಿನ ಫಾಲನ್ ಲೀಫ್ ಕೆರೆಯ ಅಣೆಕಟ್ಟಿನಿಂದ ನೀರು ಬಿಡುತ್ತಾರೆ.

ಮೊಣಕಾಲುದ್ದವೂ ಇಲ್ಲದ ನೀರು. ಒಂದು ಹೆಣ್ಣು ಮೀನು ಪಕ್ಕಕ್ಕೆ ಮಲಗಿ ಬಾಲದಿಂದ ಪಟಪಟ ಬಡಿಯುತ್ತಿತ್ತು. ಸಣ್ಣ ಕಲ್ಲುಗಳು ಎದ್ದು ತೇಲಿ ಹೋಗಿ ಗುಂಡಿ ಆಗುತ್ತಿತ್ತು. ಬಾಲದ ತುದಿ ಸವೆದು ಬೆಳ್ಳಗಾಗಿತ್ತು. ಹಿಂದೆ ಎರಡು ಗಂಡುಗಳ ಕಚ್ಚಾಟ. ಸ್ವಲ್ಪ ಕೆಳಗೆ ಬಾತುಕೋಳಿಗಳು ತಲೆ ಮುಳುಗಿಸಿ, ಬಾಲ ಮೇಲೆತ್ತಿ, ಕೊಚ್ಚಿ ಬಂದ ಮೊಟ್ಟೆ ಹೆಕ್ಕುತ್ತಿದ್ದವು. ನೆಲದೊಳಗೆ ಗಾಜು ಹಾಕಿ ತೊರೆಯನ್ನು ಪಕ್ಕದಿಂದ ತೋರಿಸುವ ಕೋಣೆಯೂ ಇದೆ. ಮಕ್ಕಳಿಗೆ ಅದೇ ಇಷ್ಟವಾಯಿತು. ನನಗಂತೂ ಸೇತುವೆಯೇ ವಾಸಿ.

"ಇಲ್ಲೊಂದು ಕೂಳಿ ಇಟ್ಟಿದ್ದರೆ..." ಅಂದರು ಅಪ್ಪಯ್ಯ. ಕೂಳಿ ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿ. ಇಲ್ಲಿ ಮುಟ್ಟುವ ಹಾಗಿಲ್ಲ, ಬೆಟ್ಟದ ಕರಡಿಗೆ ಮಾತ್ರ ಪರವಾನಗಿ ಅಂದೆ. ನಕ್ಕರು.

"ಮೊಟ್ಟೆ ಇಟ್ಟು ವಾಪಸ್ ಹೋಗ್ತಾವಾ?"

"ಇಲ್ಲ ಅಪ್ಪಯ್ಯ. ಎಲ್ಲಾ ಇಲ್ಲೇ ಸಾಯ್ತಾವೆ."

ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ದಡದಲ್ಲಿ ಬಿದ್ದಿದ್ದ ಬಿಳಚಿದ ಮೀನುಗಳನ್ನು ಸುಮ್ನೆ ನೋಡುತ್ತಾ ನಿಂತರು. "ನಮ್ಮವು ಎಷ್ಟೋ ವಾಪಸ್ ಹೋಗ್ತಿದ್ವು. ನಾವು ಬಿಟ್ಟರೆ" ಅಂದರು.

ವಾಪಸ್ ಬರುವಾಗ ಬಿದಿರಿನ ಕೂಳಿ ಹೆಣೆಯುವುದು ಹೇಗೆ, ಗದ್ದೆಯ ಯಾವ ಕಂಡಿಗೆ ಒಡ್ಡಬೇಕು ಅಂತ ಪ್ಲಾಸರ್‌ವಿಲ್ ಬರುವವರೆಗೂ ಹೇಳುತ್ತಿದ್ದರು. ಮಕ್ಕಳು ಹಿಂದಿನ ಸೀಟಿನಲ್ಲಿ ಯಾವಾಗಲೋ ಮಲಗಿಬಿಟ್ಟಿದ್ದರು.