ಕಾಕ್ಸ್ ಬಜಾರ್‌ನಲ್ಲಿ ಗಂಟಲುಮಾರಿಯ ಚಿಕಿತ್ಸೆ: ನನ್ನ ಅನುಭವ

2017ರ ಆಗಸ್ಟ್ 25ರ ನಂತರದ ತಿಂಗಳುಗಳಲ್ಲಿ ಮ್ಯಾನ್ಮಾರ್‌ನಿಂದ ಸುಮಾರು ಏಳು ಲಕ್ಷ ರೋಹಿಂಗ್ಯಾ ಜನರು ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಗೆ ಬಂದು ಸೇರಿದರು. ಬಿದಿರು, ಟಾರ್ಪಾಲಿನ ಆ ಒತ್ತೊತ್ತಾದ ಗುಡಿಸಲುಗಳಲ್ಲಿ ನವೆಂಬರ್‌ನಲ್ಲಿ ಗಂಟಲುಮಾರಿ (ಡಿಫ್ತೀರಿಯಾ) ಕಾಣಿಸಿಕೊಂಡಿತು. ಇಂಗ್ಲೆಂಡಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿದ್ದ ನಾನು ಆ ಚಳಿಗಾಲದಲ್ಲಿ ಸ್ವಯಂಸೇವಕರ ತಂಡವೊಂದರ ಜೊತೆ ಅಲ್ಲಿಗೆ ಹೋದೆ. ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಈ ರೋಗವನ್ನು ಪುಸ್ತಕದಲ್ಲಷ್ಟೇ ಓದಿದ್ದರು. ನಾನು ಹುಬ್ಬಳ್ಳಿಯಲ್ಲಿ ಕಲಿಯುವಾಗ ಸುತ್ತಲಿನ ಹಳ್ಳಿಗಳಿಂದ ಬಂದ ಮಕ್ಕಳ ಗಂಟಲಿನಲ್ಲಿ ಆ ಬೂದು ಬಣ್ಣದ ಪೊರೆಯನ್ನು ಕಂಡಿದ್ದೆ.

ಈ ರೋಗದ ಬ್ಯಾಕ್ಟೀರಿಯಾ ಒಂದು ವಿಷವನ್ನು ಉಂಟುಮಾಡುತ್ತದೆ; ಅದಕ್ಕೆ ಕೊಡುವ ಔಷಧವಾದ ಆ್ಯಂಟಿಟಾಕ್ಸಿನ್ ರಕ್ತದಲ್ಲಿ ಹರಿಯುತ್ತಿರುವ ವಿಷವನ್ನು ಮಾತ್ರ ತಡೆಯುತ್ತದೆ. ಜೀವಕೋಶಗಳನ್ನು ಆಗಲೇ ಹೊಕ್ಕಿರುವ ವಿಷದ ಮೇಲೆ ಅದರ ಪ್ರಭಾವವಿಲ್ಲ. ಹೀಗಾಗಿ ಪ್ರಯೋಗಾಲಯದ ವರದಿಗೆ ಕಾಯುವಂತಿರಲಿಲ್ಲ, ಕಣ್ಣಿಗೆ ಕಂಡದ್ದನ್ನೇ ನಂಬಿ ನಿರ್ಧರಿಸಬೇಕಿತ್ತು. ಆದರೆ ಜಗತ್ತಿನಲ್ಲೇ ಕೊರತೆಯಿದ್ದ ಆ ಔಷಧವನ್ನು ಗಂಟಲು ಕೆಂಪಾದ ಪ್ರತಿಯೊಬ್ಬರಿಗೂ ಕೊಡಲಾಗದು. ಜೊತೆಗೆ ಅದು ಕುದುರೆಯ ರಕ್ತದಿಂದ ತಯಾರಾಗುವುದರಿಂದ ಜೀವಕ್ಕೇ ಕುತ್ತು ತರುವ ಅಲರ್ಜಿಯ ಭಯವೂ ಇತ್ತು. ಮೊದಲು ಅತ್ಯಲ್ಪ ಪ್ರಮಾಣದಲ್ಲಿ ಪರೀಕ್ಷಿಸಿ, ಆಮೇಲೆ ಸಲೈನಿನಲ್ಲಿ ಬೆರೆಸಿ ಗಂಟೆಗಟ್ಟಲೆ ನಿಧಾನವಾಗಿ ಹನಿಸುತ್ತಿದ್ದೆವು. ಅಂಥ ಅಲರ್ಜಿಗೆ ಕೊಡುವ ಅಡ್ರಿನಲಿನ್ ಮದ್ದನ್ನು ಪ್ರತಿ ಮಗುವಿನ ತೂಕಕ್ಕೆ ತಕ್ಕಂತೆ ತುಂಬಿದ ಸಿರಿಂಜು ಹಾಸಿಗೆಯ ಪಕ್ಕದಲ್ಲಿ ಮೊದಲೇ ಸಿದ್ಧವಿರುತ್ತಿತ್ತು. ಕೆಮ್ಮು ಬಂದರೆ, ಮೈಮೇಲೆ ದದ್ದು ಎದ್ದರೆ ಡ್ರಿಪ್ ನಿಲ್ಲಿಸುವುದು, ಉಸಿರಾಟ ಕೆಟ್ಟರೆ ತೊಡೆಗೆ ಅಡ್ರಿನಲಿನ್ ಕೊಡುವುದು, ಸುಧಾರಿಸಿದ ಮೇಲೆ ಇನ್ನೂ ನಿಧಾನವಾಗಿ ಮುಂದುವರಿಸುವುದು ನಮ್ಮ ಕ್ರಮ. ಇಂಗ್ಲೆಂಡಿನಲ್ಲಿ ಒಬ್ಬ ರೋಗಿಯ ಬಳಿ ಅಷ್ಟು ಹೊತ್ತು ಕೂತರೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ; ಇಲ್ಲಿ ಕೂತಿರುವುದೇ ತುರ್ತು ಚಿಕಿತ್ಸೆಯಾಗಿತ್ತು.

ಕುತ್ತಿಗೆ ಊದಿ ಉಸಿರಿಗೆ ಒದ್ದಾಡುವ ಮಗುವನ್ನು ಮಲಗಿಸದೆ ತಾಯಿಯ ತೊಡೆಯ ಮೇಲೆಯೇ ಬಿಡುತ್ತಿದ್ದೆವು. ಅತ್ತಷ್ಟೂ ಉಸಿರಾಟ ಕಷ್ಟವಾಗುತ್ತದೆ, ಪೊರೆಯನ್ನು ಕೆದಕಿದರೆ ರಕ್ತ ಬರುತ್ತದೆ. ಅಂಥ ಸಮಯದಲ್ಲಿ ಏನನ್ನೂ ಮುಟ್ಟದೆ ಇರಲು, ಕೈಗೆ ಸದಾ ಕೆಲಸ ಕೊಟ್ಟು ರೂಢಿಯಾದ ನಮ್ಮಂಥ ವೈದ್ಯರಿಗೆ ಬಹಳ ಸಂಯಮ ಬೇಕು.

ರೋಗಿಯ ಸಂಪರ್ಕದಲ್ಲಿದ್ದವರೆಲ್ಲರಿಗೂ ಆ್ಯಂಟಿಬಯಾಟಿಕ್, ಲಸಿಕೆ ಕೊಡಬೇಕಿತ್ತು. ರೋಹಿಂಗ್ಯಾ ಭಾಷೆ ಅಲ್ಲಿನ ಚಿತ್ತಗಾಂಗ್ ಪ್ರದೇಶದ ಆಡುಮಾತಿಗೆ ಹತ್ತಿರವಾದ್ದರಿಂದ ಸ್ಥಳೀಯ ಯುವಕರೇ ನಮ್ಮ ದುಭಾಷಿಗಳು. ಮನೆಯಲ್ಲಿ ಎಷ್ಟು ಜನ ಎಂಬ ಪ್ರಶ್ನೆಗೆ ಸರಳ ಉತ್ತರ ಸಿಗುತ್ತಿರಲಿಲ್ಲ, ಏಕೆಂದರೆ ಒಂದೇ ಸೂರಿನಡಿ ಎರಡು ಕುಟುಂಬಗಳು ಮಲಗುವುದೂ ಇತ್ತು. ನಿನ್ನೆ ರಾತ್ರಿ ಯಾರು ಯಾರು ಒಟ್ಟಿಗೆ ಮಲಗಿದ್ದಿರಿ ಎಂದು ಕೇಳುವುದನ್ನು ನಮಗೆ ಹೇಳಿಕೊಟ್ಟವರು ಆ ದುಭಾಷಿಗಳೇ.

ಗಂಟಲು ವಾಸಿಯಾದರೂ ಎರಡನೆಯ ವಾರದಲ್ಲಿ ವಿಷ ಹೃದಯಕ್ಕೆ ತಾಗಬಹುದು. ಹಾಗಾಗಿ ಮನೆಗೆ ಕಳುಹಿಸುವಾಗ ಮಗುವನ್ನು ಗುಡ್ಡ ಹತ್ತಿಸಬೇಡಿ, ನೀರು ಹೊರಿಸಬೇಡಿ ಎನ್ನುತ್ತಿದ್ದೆವು. ಮರಳಿ ತೋರಿಸಲು ಬಾರದವರನ್ನು ಹುಡುಕಲು ವಿಳಾಸವೆಂಬುದು ಇರಲಿಲ್ಲ. ಆರೋಗ್ಯ ಕಾರ್ಯಕರ್ತರು ಆಯಾ ಬ್ಲಾಕಿನ ಮುಖಂಡನಾದ ಮಾಝಿಯನ್ನು ಕೇಳಿಕೊಂಡು ಗುಡಿಸಲಿನಿಂದ ಗುಡಿಸಲಿಗೆ ಹೋಗುತ್ತಿದ್ದರು.