ಬಾಕ್ಸಿಂಗ್ ರಿಂಗ್‌ಗೆ ಇಳಿಯುವ ಮುನ್ನ ತೂಕ ಇಳಿಸುವುದು ಹೇಗೆ?

ಬೆಂಗಳೂರಿನಲ್ಲಿ ಫಿಟ್‌ನೆಸ್‌ಗೆ ಅಂತ ಬಾಕ್ಸಿಂಗ್ ಕ್ಲಾಸಿಗೆ ಸೇರಿದ ಹುಡುಗ ಹುಡುಗಿಯರು ಸ್ವಲ್ಪ ದಿನದಲ್ಲೇ ‘ಒಂದು ಟೂರ್ನಮೆಂಟ್ ಆಡಿ ನೋಡೋಣ’ ಅನ್ನುತ್ತಾರೆ. ಒಳ್ಳೆಯದೇ. ಆದರೆ ಹೆಸರು ಕೊಡುವ ಫಾರಂನಲ್ಲಿ ಕಷ್ಟದ ಪ್ರಶ್ನೆಯೊಂದು ಕಾದಿರುತ್ತದೆ. ಯಾವ ತೂಕದ ವಿಭಾಗ? ಹೆಚ್ಚಿನವರು ಇದಕ್ಕೆ ಉತ್ತರ ಹುಡುಕುವುದು ಯೂಟ್ಯೂಬ್‌ನಲ್ಲಿ. ಅಲ್ಲಿ ಹೆಸರಾಂತ ವೃತ್ತಿಪರ ಬಾಕ್ಸರ್‌ಗಳು ಬಿಸಿನೀರಿನ ಟಬ್‌ನಲ್ಲಿ ಕೂತು ಒಂದೇ ರಾತ್ರಿಯಲ್ಲಿ ಕೆಜಿಗಟ್ಟಲೆ ಇಳಿಸುತ್ತಾರೆ. ಆ ದಾರಿ ನಮ್ಮ ಮಕ್ಕಳಿಗೆ ಖಂಡಿತ ಬೇಡ.

ಕಾರಣ ಇಷ್ಟೇ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ ತೂಕ ನೋಡುತ್ತಾರೆ. ಕಳೆದುಕೊಂಡ ನೀರನ್ನು ಮತ್ತೆ ತುಂಬಿಕೊಳ್ಳಲು ಅವರಿಗೆ ಒಂದು ಇಡೀ ದಿನ ಸಿಗುತ್ತದೆ. ಶಾಲೆ, ಕಾಲೇಜು, ರಾಜ್ಯ ಮಟ್ಟದಿಂದ ಒಲಿಂಪಿಕ್ಸ್‌ವರೆಗಿನ ಅಮೆಚೂರ್ ಬಾಕ್ಸಿಂಗ್‌ನಲ್ಲಿ ತೂಕ ನೋಡುವುದು ಪಂದ್ಯದ ದಿನ ಬೆಳಿಗ್ಗೆ. ಕೆಲವೇ ಗಂಟೆಯಲ್ಲಿ ರಿಂಗ್ ಹತ್ತಬೇಕು. ಗೆದ್ದರೆ ಮುಂದಿನ ಪಂದ್ಯದ ದಿನ ಬೆಳಿಗ್ಗೆ ಮತ್ತೆ ತೂಕ. ಅಂದರೆ ಒಂದು ದಿನ ಇಳಿಸಿದರೆ ಸಾಲದು, ಟೂರ್ನಮೆಂಟ್ ಮುಗಿಯುವವರೆಗೂ ಅಷ್ಟೇ ಇರಬೇಕು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಅವರಿಗೆ ಆಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದು ಕುಸ್ತಿ, ಆದರೆ ಲೆಕ್ಕ ಅದೇ. ಮೊದಲ ದಿನ 50 ಕೆಜಿ ವಿಭಾಗದಲ್ಲಿ ತೂಕ ಸರಿಯಾಗಿತ್ತು. ಮೂರು ಪಂದ್ಯ ಗೆದ್ದರು. ನಡುವೆ ಶಕ್ತಿಗೆ ಅಂತ ತಿಂದು ಕುಡಿದದ್ದು ಮೈಯಲ್ಲಿ ಉಳಿಯಿತು. ರಾತ್ರಿಯೆಲ್ಲ ಪ್ರಯತ್ನಪಟ್ಟರೂ ಫೈನಲ್ ದಿನ ಬೆಳಿಗ್ಗೆ 100 ಗ್ರಾಂ ಜಾಸ್ತಿ ಬಂತು. ಅವರ ಜೊತೆ ಡಾಕ್ಟರ್, ಡಯಟಿಷಿಯನ್, ಕೋಚ್ ಎಲ್ಲರೂ ಇದ್ದರು. ಅಷ್ಟು ಜನರಿದ್ದೂ ಆಗದ್ದು ಮನೆಯಲ್ಲಿ ಒಬ್ಬನೇ ಮಾಡಿಕೊಳ್ಳುವ ಹುಡುಗನಿಗೆ ಆಗುತ್ತದಾ?

ಮೊದಲು ಪಟ್ಟಿ ನೋಡಿ

ವಿಭಾಗಗಳು ಆಗಾಗ ಬದಲಾಗುತ್ತವೆ. ಪ್ಯಾರಿಸ್‌ನಲ್ಲಿ ಗಂಡಸರಿಗೆ ಏಳು, ಹೆಂಗಸರಿಗೆ ಆರು ವಿಭಾಗ ಇದ್ದವು. 2025ರಿಂದ ಅಮೆಚೂರ್ ಬಾಕ್ಸಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಬಾಕ್ಸಿಂಗ್‌ನ ಹಿರಿಯರ (ಸೀನಿಯರ್) ಪಟ್ಟಿಯಲ್ಲಿ ಇಬ್ಬರಿಗೂ ಹತ್ತು ಹತ್ತು ವಿಭಾಗ. ಗಂಡಸರಿಗೆ 50, 55, 60 ಹೀಗೆ ಐದೈದು ಕೆಜಿ ಏರುತ್ತಾ 90ರವರೆಗೆ, ಆಮೇಲೆ 90ಕ್ಕಿಂತ ಮೇಲೆ. ಹೆಂಗಸರಿಗೆ 48, 51, 54, 57, 60, 65, 70, 75, 80, ಕೊನೆಗೆ 80ಕ್ಕಿಂತ ಮೇಲೆ. ವಯಸ್ಸು ಬದಲಾದರೆ ಪಟ್ಟಿಯೂ ಬದಲಾಗಬಹುದು. ಹಾಗಾಗಿ ಸ್ನೇಹಿತ ಹೇಳಿದ ಅಂತ ನಂಬಬೇಡಿ. ಆ ಟೂರ್ನಮೆಂಟಿನ ಸುತ್ತೋಲೆಯನ್ನೇ ಕೋಚ್ ಹತ್ತಿರ ಕೇಳಿ ಓದಿ. ‘65 ಕೆಜಿ’ ಅಂದರೆ 65.0 ಮೀರುವಂತಿಲ್ಲ. 65.1 ಬಂದರೆ ಆಟ ಮುಗಿಯಿತು.

ನಿಮ್ಮ ನಿಜವಾದ ತೂಕ ಎಷ್ಟು?

ಸಂಜೆ ಜಿಮ್‌ನಲ್ಲಿ ಶೂ ಹಾಕಿಕೊಂಡು ನೋಡಿದ ತೂಕ ಲೆಕ್ಕಕ್ಕಿಲ್ಲ. ಬೆಳಿಗ್ಗೆ ಎದ್ದು, ಟಾಯ್ಲೆಟ್‌ಗೆ ಹೋಗಿ ಬಂದು, ನೀರು ಕಾಫಿ ಏನೂ ಕುಡಿಯದೆ, ತೆಳು ಬಟ್ಟೆಯಲ್ಲಿ ನಿಂತು ನೋಡಿ. ಎರಡು ವಾರ ಬರೆದಿಡಿ. ದಿನ ದಿನಕ್ಕೆ ಅರ್ಧ ಕೆಜಿ, ಒಂದು ಕೆಜಿ ಹಿಂದೆ ಮುಂದೆ ಆಗುವುದು ಸಹಜ. ಅದು ಹೆಚ್ಚಾಗಿ ನೀರು, ಉಪ್ಪು, ಹೊಟ್ಟೆಯಲ್ಲಿರುವ ಊಟ. ಸರಾಸರಿ ತೆಗೆಯಿರಿ. ಹುಡುಗಿಯರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ನಿಂತು ತೂಕ ಏರಬಹುದು. ಆ ತಾರೀಖನ್ನೂ ಪಕ್ಕದಲ್ಲಿ ಬರೆದುಕೊಂಡರೆ ಸುಮ್ನೆ ಗಾಬರಿಯಾಗುವುದು ತಪ್ಪುತ್ತದೆ. ಮನೆಯ ಮಷಿನ್ ಮತ್ತು ಕ್ಲಬ್ಬಿನ ಮಷಿನ್ ನಡುವೆ ಎಷ್ಟು ವ್ಯತ್ಯಾಸ ಅಂತಲೂ ಒಮ್ಮೆ ನೋಡಿಡಿ.

ಈಗ ವಿಭಾಗ ಆರಿಸಿ. ನನ್ನ ಸಲಹೆ ಸರಳ. ಚೆನ್ನಾಗಿ ತಿಂದು, ಚೆನ್ನಾಗಿ ಪ್ರಾಕ್ಟೀಸ್ ಮಾಡುವಾಗ ಇರುವ ತೂಕಕ್ಕೆ ಹತ್ತಿರದ ವಿಭಾಗವೇ ನಿಮ್ಮದು. ಮೊದಲ ಟೂರ್ನಮೆಂಟ್ ಆದರೆ ಏನೂ ಇಳಿಸಬೇಡಿ, ಇದ್ದ ತೂಕದಲ್ಲೇ ಆಡಿ. ಕೆಳಗಿನ ವಿಭಾಗಕ್ಕೆ ಹೋದರೆ ಎದುರಾಳಿ ಚಿಕ್ಕವನಾಗಿರುತ್ತಾನೆ ಅನ್ನುವುದು ಅರ್ಧ ಸತ್ಯ. ಅವನೂ ಮೇಲಿನಿಂದ ಇಳಿದು ಬಂದವನೇ ಆಗಿರಬಹುದು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಬಾಕ್ಸಿಂಗ್ ಮೊದಲ ಸಲ ಬಂದಾಗ 51, 60, 75 ಕೆಜಿ ಮಾತ್ರ ಇದ್ದವು. ಅದಕ್ಕೂ ಕಡಿಮೆ ತೂಕದ ವಿಭಾಗಗಳಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಮೇರಿ ಕೋಮ್ 51ಕ್ಕೆ ಏರಿ, ತಮಗಿಂತ ದೊಡ್ಡವರ ಜೊತೆ ಆಡಿ ಕಂಚು ತಂದರು. ಲವ್ಲಿನಾ ಬೊರ್ಗೊಹೈನ್ ಟೋಕಿಯೊದಲ್ಲಿ 69 ಕೆಜಿಯಲ್ಲಿ ಕಂಚು ಗೆದ್ದವರು, 2023ರಲ್ಲಿ 75 ಕೆಜಿಯಲ್ಲಿ ವಿಶ್ವ ಚಾಂಪಿಯನ್ ಆದರು. ಮೇಲೆ ಹೋಗಿಯೂ ಗೆಲ್ಲಬಹುದು.

ಎಂಟು ವಾರದ ಲೆಕ್ಕ

ಇಳಿಸಲೇಬೇಕು ಅಂತ ಕೋಚ್ ಜೊತೆ ಕೂತು ತೀರ್ಮಾನಿಸಿದ ಹಿರಿಯ ಆಟಗಾರರಿಗೆ ಇದು. ಸರಾಸರಿ 67.8 ಕೆಜಿ ಇದೆ, 65ರಲ್ಲಿ ಆಡಬೇಕು ಅಂದುಕೊಳ್ಳಿ. 2.8 ಕೆಜಿಯನ್ನು ಎಂಟು ವಾರಕ್ಕೆ ಹಂಚಿದರೆ ವಾರಕ್ಕೆ 350 ಗ್ರಾಂ. ವಾರಕ್ಕೆ ಮೈತೂಕದ ಶೇಕಡಾ 0.5ರಿಂದ 1ರಷ್ಟು ಇಳಿಯುವುದು ಸುರಕ್ಷಿತ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಹಾಗಾಗಿ ದಿನಕ್ಕೆ ಸುಮಾರು 400 ಕ್ಯಾಲೊರಿ ಕಡಿಮೆ ಮಾಡಿದರೆ ಸಾಕು.

ಬೆಂಗಳೂರಿನಲ್ಲಿ ಈ 400 ಎಲ್ಲಿದೆ ಅಂತ ಹುಡುಕುವುದು ಕಷ್ಟವಲ್ಲ. ದರ್ಶಿನಿಯಲ್ಲಿ ಚೌಚೌ ಬಾತ್ ಜೊತೆ ಬರುವ ಕೇಸರಿಬಾತ್. ಇಡ್ಲಿ ಪಕ್ಕದ ವಡೆ. ದಿನಕ್ಕೆ ನಾಲ್ಕು ಸಲ ಕುಡಿಯುವ ಕಾಫಿ, ಟೀಯ ಸಕ್ಕರೆ. ಸಂಜೆಯ ಬೋಂಡ. ಇವನ್ನು ಬಿಟ್ಟರೆ ಹೆಚ್ಚಿನವರ ಕೆಲಸ ಮುಗಿಯುತ್ತದೆ. ಮುದ್ದೆ, ಅನ್ನ, ಚಪಾತಿಯನ್ನು ಪೂರ್ತಿ ಬಿಡಬೇಡಿ. ಸ್ಪಾರಿಂಗ್ (ಜೊತೆಗಾರರ ಜೊತೆ ಅಭ್ಯಾಸದ ಕಾದಾಟ) ಇರುವ ದಿನ ಮೈಗೆ ಬೇಕಾದ ಶಕ್ತಿ ಬರುವುದು ಅವುಗಳಿಂದಲೇ. ಪ್ರಾಕ್ಟೀಸ್ ಇಲ್ಲದ ದಿನ ಮುದ್ದೆ ಸ್ವಲ್ಪ ಚಿಕ್ಕದಾಗಲಿ, ಅಷ್ಟೇ.

ನಮ್ಮ ಊಟದಲ್ಲಿ ನಿಜವಾದ ಕೊರತೆ ಇರುವುದು ಪ್ರೋಟೀನ್‌ನದು. ತೂಕ ಇಳಿಯುವಾಗ ಕೊಬ್ಬು ಹೋಗಬೇಕು, ಸ್ನಾಯು ಉಳಿಯಬೇಕು. ಅದಕ್ಕೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 1.6ರಿಂದ 2 ಗ್ರಾಂ ಪ್ರೋಟೀನ್ ಬೇಕು. 65 ಕೆಜಿಯವನಿಗೆ ನೂರು ಗ್ರಾಂ ಮೇಲೇ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ನೂರು ಗ್ರಾಂ ಪನೀರ್‌ನಲ್ಲಿ ಸುಮಾರು 18, ಐವತ್ತು ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 25. ಎರಡು ಇಡ್ಲಿ ಒಂದು ಬಟ್ಟಲು ಸಾಂಬಾರಿನಿಂದ ಇದು ಬರುವುದಿಲ್ಲ. ಮಾಂಸ ತಿನ್ನುವವರಿಗೆ ಕೋಳಿ, ಮೀನು ಇದೆ. ತಿನ್ನದವರು ಮೊಳಕೆ ಹುರುಳಿಕಾಳಿನ ಸಾರು, ಹೆಸರುಕಾಳು ಉಸ್ಲಿ, ಗಟ್ಟಿ ಮೊಸರು, ಸೋಯಾ ಎಲ್ಲವನ್ನೂ ಮೂರು ಹೊತ್ತಿಗೆ ಹಂಚಿಕೊಳ್ಳಬೇಕು. ಅಮ್ಮಂದಿರಿಗೆ ಒಂದು ಮಾತು: ಮಗ ಊಟ ಬಿಟ್ಟು ಬರೀ ಸೌತೆಕಾಯಿ ತಿನ್ನುತ್ತಿದ್ದರೆ ಅದು ಶಿಸ್ತು ಅಂತ ಖುಷಿಪಡಬೇಡಿ. ಕೂರಿಸಿ ಕೇಳಿ.

ನೀರನ್ನು ಮಾತ್ರ ಯಾವತ್ತೂ ಕಡಿಮೆ ಮಾಡಬೇಡಿ. ನಮ್ಮೂರಿನ ತಂಪು ಹವೆಯಲ್ಲಿ, ಅದರಲ್ಲೂ ಡಿಸೆಂಬರ್ ಬೆಳಗಿನ ಓಟದಲ್ಲಿ, ಬಾಯಾರಿಕೆಯೇ ಗೊತ್ತಾಗುವುದಿಲ್ಲ. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲದು ಅಂತ ಅರ್ಥ.

ಕೊನೆಯ ವಾರ

ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ಹೊರಗಿನ ಊಟ ನಿಲ್ಲಿಸಿ. ಉಪ್ಪು ಜಾಸ್ತಿಯಾದರೆ ನೀರು ಮೈಯಲ್ಲಿ ನಿಲ್ಲುತ್ತದೆ. ಕೊನೆಯ ಎರಡು ದಿನ ಮುದ್ದೆ, ಸೊಪ್ಪು, ಕಾಳು ಬಿಟ್ಟು ಅನ್ನ, ಮೊಟ್ಟೆ, ಮೊಸರು ತಿನ್ನಿ. ನಾರು ಕಡಿಮೆಯಾದಾಗ ಹೊಟ್ಟೆ ಹಗುರಾಗಿ, ಶಕ್ತಿ ಹೋಗದೆಯೇ ತೂಕ ಸ್ವಲ್ಪ ಇಳಿಯುತ್ತದೆ. ಇಷ್ಟೆಲ್ಲ ಮಾಡಿಯೂ ಹಿಂದಿನ ದಿನ ಒಂದೂವರೆ ಎರಡು ಕೆಜಿ ಜಾಸ್ತಿ ಇದ್ದರೆ ಆ ಟೂರ್ನಮೆಂಟ್ ಬಿಡಿ.

ಬಿಡದೆ ಏನು ಮಾಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡುವುದು, ನೀರು ಬಿಡುವುದು, ಬಾಯಲ್ಲಿ ಉಗುಳು ಬರಿಸಿ ಉಗುಳುತ್ತಾ ಕೂರುವುದು, ಭೇದಿ ಮಾತ್ರೆ ನುಂಗುವುದು. 1997ರಲ್ಲಿ ಅಮೆರಿಕದಲ್ಲಿ ಹೀಗೆ ಬೆವರಿಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ಕೆಲವೇ ವಾರಗಳಲ್ಲಿ ಸತ್ತರು. ಆಮೇಲೆ ಅಲ್ಲಿನ ನಿಯಮವೇ ಬದಲಾಯಿತು. ಮೈಯಲ್ಲಿ ನೀರು ಕಡಿಮೆಯಾದಾಗ ಹೃದಯದ ಮೇಲೆ ಒತ್ತಡ ಬೀಳುತ್ತದೆ, ಕಾಲು ನಿಧಾನವಾಗುತ್ತದೆ, ಏಟು ತಪ್ಪಿಸಿಕೊಳ್ಳುವ ಚುರುಕು ಹೋಗುತ್ತದೆ. ಬಾಕ್ಸಿಂಗ್‌ನಲ್ಲಿ ಆ ಏಟು ಬೀಳುವುದು ತಲೆಗೆ. ಇನ್ನು ಮೂತ್ರ ಬರಿಸುವ ಮಾತ್ರೆಗಳು ಉದ್ದೀಪನ ಮದ್ದಿನ ನಿಷೇಧ ಪಟ್ಟಿಯಲ್ಲಿವೆ. ಸಿಕ್ಕಿಬಿದ್ದರೆ ಆಟದಿಂದಲೇ ಹೊರಗೆ.

ತೂಕ ನೋಡಿದ ಮೇಲೆ

ಒಂದೇ ಸಲಕ್ಕೆ ಬಾಟಲಿ ಖಾಲಿ ಮಾಡಬೇಡಿ. ಓಆರ್‌ಎಸ್ ಅಥವಾ ಉಪ್ಪು ಹಾಕಿದ ನೀರು ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಯಿರಿ. ಆಮೇಲೆ ಇಡ್ಲಿ, ಬಾಳೆಹಣ್ಣು. ತುಪ್ಪದ ದೋಸೆ, ವಡೆ ಬೇಡ. ಅವು ಪಂದ್ಯದ ಹೊತ್ತಿಗೂ ಹೊಟ್ಟೆಯಲ್ಲೇ ಇರುತ್ತವೆ. ಮರುದಿನವೂ ತೂಕ ಇದ್ದರೆ ಗೆದ್ದ ಖುಷಿಗೆ ರಾತ್ರಿ ಬಿರಿಯಾನಿಗೆ ಹೋಗಬೇಡಿ. ಅನ್ನ, ಮೊಸರು, ಮೊಟ್ಟೆ ತಿಂದು, ಮಲಗುವ ಮುಂಚೆ ಒಮ್ಮೆ ತೂಕ ನೋಡಿ. ರಾತ್ರಿ ನಿದ್ದೆಯಲ್ಲಿ ಅದು ಸ್ವಲ್ಪ ಇಳಿಯುತ್ತದೆ. ನಿಮಗೆ ಎಷ್ಟು ಇಳಿಯುತ್ತದೆ ಅಂತ ಆ ಎಂಟು ವಾರದಲ್ಲೇ ನೋಡಿಟ್ಟುಕೊಂಡಿರಬೇಕು.

ಬೆಳೆಯುವ ಮಕ್ಕಳ ವಿಷಯ

ಹದಿನೆಂಟರ ಒಳಗಿನವರಿಗೆ ಮೇಲಿನ ಎಂಟು ವಾರದ ಲೆಕ್ಕ ಬೇಡವೇ ಬೇಡ. ಆ ವಯಸ್ಸಿನಲ್ಲಿ ಮೂಳೆ ಬೆಳೆಯುತ್ತಿರುತ್ತದೆ. ತೂಕ ಏರುವುದೇ ಸರಿ. ಹುಡುಗಿಗೆ ಮೂರು ತಿಂಗಳು ಮುಟ್ಟು ನಿಂತಿದ್ದರೆ, ಪದೇ ಪದೇ ಶೀತ ಜ್ವರ ಬರುತ್ತಿದ್ದರೆ, ಮೊಣಕಾಲ ಕೆಳಗೆ ಮೂಳೆ ನೋವು ಹೋಗದಿದ್ದರೆ, ಊಟ ಸಾಲುತ್ತಿಲ್ಲ ಅಂತ ಅನುಮಾನಪಡಿ. ಪ್ರಾಕ್ಟೀಸ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಕೋಚ್ ‘ಇನ್ನೊಂದು ಸೀಸನ್ ಇದೇ ವಿಭಾಗದಲ್ಲಿ ಆಡಲಿ, ಪದಕ ಗ್ಯಾರಂಟಿ’ ಅಂದರೂ ತಂದೆ ತಾಯಿ ಒಪ್ಪಬೇಕಿಲ್ಲ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ಎತ್ತರ ಏರುತ್ತಿದ್ದರೆ ಮುಂದಿನ ಫಾರಂನಲ್ಲಿ ಮೇಲಿನ ವಿಭಾಗವನ್ನೇ ಬರೆಸಿ.